ಪದದ ಬೆನ್ನು ಹತ್ತಿ: ‘ಅಮಲು’

‘ಅಮಲು’ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ನಶೆ. ಆದರೆ ನೋಟೀಸ್ ಬೋರ್ಡಿನಲ್ಲಿ ‘ಹೊಸ ನಿಯಮ ಸೋಮವಾರದಿಂದ ಅಮಲಿಗೆ ಬರುತ್ತದೆ’ ಅಂತ ಇದ್ದರೆ ಯಾರೂ ಹಾಗೆ ಅಂದುಕೊಳ್ಳೋದಿಲ್ಲ. ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥ ಹೇಗೆ? ಈ ಸಲ ಅದನ್ನೇ ನೋಡೋಣ.

ಮೂಲ: ಅರಬ್ಬಿಯ ‘ಅಮಲ್’ ಎಂದರೆ ಕೆಲಸ, ಕ್ರಿಯೆ. ಪರ್ಷಿಯನ್ ಆಡಳಿತ ಭಾಷೆಯ ಮೂಲಕ ನಮ್ಮ ಕಡೆ ಬರುವಾಗ ‘ಅಧಿಕಾರ ನಡೆಸುವುದು’ ಎಂಬ ಅರ್ಥವೂ ಜೊತೆಗೆ ಬಂತು. ಮಾದಕ ವಸ್ತು ಮೈಮೇಲೆ ಮಾಡುವ ‘ಕೆಲಸ’ವೂ ಅಮಲೇ. ನಶೆಯ ಅರ್ಥ ಆ ದಾರಿಯದು.

ಅಮಲ್ದಾರ: ‘ದಾರ’ ಎಂದರೆ ಹೊಂದಿರುವವನು. ಹಳೇ ಮೈಸೂರಿನಲ್ಲಿ ತಾಲ್ಲೂಕಿನ ಮುಖ್ಯಾಧಿಕಾರಿ ಅಮಲ್ದಾರ, ಅಂದರೆ ಆಡಳಿತದ ಕೆಲಸ ಹೊತ್ತವನು. ಈಗಿನ ‘ತಹಶೀಲ್ದಾರ್’ನಲ್ಲಿರುವ ‘ತಹಶೀಲ್’ಗೆ ವಸೂಲಿ ಎಂದರ್ಥ. ಅಮಲ್ದಾರರಾಗಿದ್ದ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಓದಿದರೆ ಆ ಹುದ್ದೆಯ ದಿನಗಳು ಕಣ್ಣಿಗೆ ಕಟ್ಟುತ್ತವೆ.

ಬಳಕೆ: ಪಕ್ಕದ ಕ್ರಿಯಾಪದ ನೋಡಿದರೆ ಅರ್ಥ ತಾನಾಗಿ ತಿಳಿಯುತ್ತದೆ.

• ಅಮಲಿಗೆ ಬರು, ಅಮಲಿಗೆ ತರು: ನಿಯಮ, ಕಾಯ್ದೆ, ಆದೇಶಗಳಿಗೆ.
• ಅಮಲ್ಜಾರಿ: ಕೋರ್ಟಿನ ತೀರ್ಪನ್ನು ಕಾರ್ಯರೂಪಕ್ಕೆ ತರುವುದು.
• ಅಮಲೇರು, ಅಮಲಿಳಿ: ನಶೆಗೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಒಪ್ಪಿಗೆಯಾಗುವುದು ಬೇರೆ, ಅಮಲಿಗೆ ಬರುವುದು ಬೇರೆ. ನಮ್ಮ ಸಂವಿಧಾನ ಅಂಗೀಕಾರವಾಗಿದ್ದು 1949ರ ನವೆಂಬರ್ 26ರಂದು. ಪೂರ್ತಿಯಾಗಿ ಅಮಲಿಗೆ ಬಂದದ್ದು 1950ರ ಜನವರಿ 26ರಂದು. ಹಾಜರಾತಿಯದ್ದೋ ಪರೀಕ್ಷೆಯದ್ದೋ ಹೊಸ ಸುತ್ತೋಲೆ ಬಂದಾಗ ನಾವು ಮೇಲಿನ ತಾರೀಖು ನೋಡಿ ಗಾಬರಿ ಆಗ್ತೀವಿ. ನೋಡಬೇಕಾದ್ದು ಅದು ಯಾವತ್ತಿನಿಂದ, ಯಾವ ಬ್ಯಾಚಿಗೆ ಅಮಲು ಎಂಬುದನ್ನು. ನಮ್ಮ ಸೆಮಿಸ್ಟರಿಗೆ ಅದು ತಗಲುತ್ತೋ ಇಲ್ಲವೋ ಅನ್ನೋದು ಆ ಒಂದು ಸಾಲಿನಲ್ಲಿರುತ್ತದೆ.

ಇನ್ನು ‘ಅಧಿಕಾರದ ಅಮಲು’. ಇಲ್ಲಿ ಮಾತ್ರ ಎರಡೂ ಅರ್ಥ ಒಂದೇ ಕಡೆ ಸೇರಿವೆ. ಕೆಲಸ ಮಾಡಲಿಕ್ಕೆ ಕೊಟ್ಟ ಅಮಲು ತಲೆಗೇರಿದರೆ ಏನಾಗುತ್ತೆ ಅಂತ ನಮ್ಮ ಜನ ಎರಡೇ ಪದದಲ್ಲಿ ಹೇಳಿಬಿಟ್ಟಿದ್ದಾರೆ. ಕ್ಲಾಸ್ ಪ್ರತಿನಿಧಿಯಿಂದ ಹಿಡಿದು ಮಂತ್ರಿಯವರೆಗೆ ಎಲ್ಲರಿಗೂ ಇದು ಅನ್ವಯ, ತಕ್ಷಣದಿಂದಲೇ ಅಮಲು!