ಬಿಸಿಲಿಗೆ ಮೊದಲು ನೆರಳು, ಆಮೇಲೆ ಸನ್‌ಸ್ಕ್ರೀನ್

ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು, ಮಧ್ಯಾಹ್ನ ಹನ್ನೆರಡೂಕಾಲು ದಾಟುತ್ತಿದ್ದಂತೆ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಶಿವಾಜಿನಗರ ಬಸ್ ನಿಲ್ದಾಣದ ಮುಂದಿನ ಕಂಬಕ್ಕೂ ಆಗ ನೆರಳಿರುವುದಿಲ್ಲ. ನೆಹರೂ ತಾರಾಲಯದಲ್ಲಿ ಮಕ್ಕಳಿಗೆ ‘ಶೂನ್ಯ ನೆರಳಿನ ದಿನ’ ಎಂದು ತೋರಿಸುವುದು ಇದನ್ನೇ. ಏಪ್ರಿಲ್‌ನಲ್ಲಿ ಎಲ್ಲರೂ ಬಿಸಿಲನ್ನು ಶಪಿಸುತ್ತಾರೆ. ಆಗಸ್ಟ್‌ನಲ್ಲಿ ಮೋಡ, ತಣ್ಣನೆ ಗಾಳಿ ಇರುವುದರಿಂದ ಯಾರಿಗೂ ಅದರ ನೆನಪೇ ಇರುವುದಿಲ್ಲ. ಆದರೆ ಚರ್ಮಕ್ಕೆ ಪೆಟ್ಟು ಕೊಡುವ ನೇರಳಾತೀತ (ಯುವಿ) ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. ತೆಳು ಮೋಡವನ್ನು ಅದು ಸಲೀಸಾಗಿ ದಾಟುತ್ತದೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಎತ್ತರ ಸಾವಿರ ಮೀಟರ್ ಹೆಚ್ಚಿದರೆ ಈ ಕಿರಣವೂ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಬೇಸಿಗೆಯ ಮಧ್ಯಾಹ್ನ ಇಲ್ಲಿನ ಯುವಿ ಸೂಚ್ಯಂಕ 11 ದಾಟುವುದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 3 ಆದಾಗಲೇ ರಕ್ಷಣೆ ಬೇಕು, 11 ದಾಟಿದರೆ ಅದು ಅತಿ ತೀವ್ರ.

ಹಾಗೆಂದು ಹೆದರಬೇಕಿಲ್ಲ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ದೊಡ್ಡ ಆಸ್ತಿ. ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿಲ್ಲ. ನಮ್ಮನ್ನು ಕಾಡುವುದು ಕೆನ್ನೆಯ ಮೇಲಿನ ಬಂಗು, ಮೊಡವೆ ಮಾಸಿದ ಮೇಲೂ ಉಳಿಯುವ ಕಪ್ಪು ಕಲೆ, ಬೇಗ ಬರುವ ಸುಕ್ಕು, ವಯಸ್ಸಾದಂತೆ ಕಣ್ಣಿನ ಪೊರೆ. ಇವನ್ನು ತಡೆಯುವ ಕ್ರಮ ಹೀಗಿದೆ.

1. ನೆರಳು ನೋಡಿ ಹೊರಡಿ

ಆ್ಯಪ್ ಬೇಡ, ಮೀಟರ್ ಬೇಡ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಬಹುತೇಕ ಹೀಗೇ ಇರುತ್ತದೆ. ಕಮರ್ಷಿಯಲ್ ಸ್ಟ್ರೀಟಿನ ಖರೀದಿ, ರಸೆಲ್ ಮಾರ್ಕೆಟ್ಟಿನ ಸಾಮಾನು, ಹಲಸೂರು ಕೆರೆ ದಂಡೆಯ ವಾಕಿಂಗ್ ಇವನ್ನೆಲ್ಲ ಅದರ ಆಚೀಚೆ ಇಟ್ಟುಕೊಳ್ಳಬಹುದು. ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರಿಗೆ, ನೂರಡಿ ರಸ್ತೆಯಲ್ಲಿ ಊಟದ ಪಾರ್ಸೆಲ್ ಹೊತ್ತು ಓಡುವ ಹುಡುಗರಿಗೆ ಆ ಆಯ್ಕೆ ಇಲ್ಲ. ಅವರಿಗೆ ಕೆಲಸ ಕೊಟ್ಟವರು ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ಕೂರಲು ಒಂದು ಚಪ್ಪರ, ಕುಡಿಯಲು ನೀರು ಕೊಡಲೇಬೇಕು. ಯಾವ ಕ್ರೀಮೂ ಅದಕ್ಕೆ ಬದಲಿಯಲ್ಲ.

2. ಬಟ್ಟೆಯೇ ಮೊದಲ ಸನ್‌ಸ್ಕ್ರೀನ್

ಒತ್ತಾದ ನೇಯ್ಗೆಯ, ಗಾಢ ಬಣ್ಣದ, ಮೈಗೆ ಅಂಟದ ಬಟ್ಟೆ ಒಳ್ಳೆಯದು. ತೆಳು ಬಿಳಿ ಹತ್ತಿ ಬೆವರಿನಲ್ಲಿ ನೆನೆದರೆ ಅದರ ತಡೆ ಇನ್ನೂ ಇಳಿಯುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಗಿನದು ಕಂಡರೆ ಕಿರಣವೂ ದಾಟುತ್ತದೆ ಎಂದು ತಿಳಿಯಿರಿ. ಕೊಡೆ, ಅಗಲ ಅಂಚಿನ ಟೋಪಿ, ಎರಡು ಮಡಿಕೆಯ ದುಪಟ್ಟಾ ಮೂರೂ ಕೆಲಸ ಮಾಡುತ್ತವೆ. ಕ್ಯಾಪ್ ಹಾಕಿದರೆ ಕಿವಿ, ಕತ್ತು ಹೊರಗೇ ಉಳಿಯುತ್ತವೆ.

ಕ್ಯಾಬ್ ಓಡಿಸುವವರು ತಮ್ಮ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಬಲಗೈ ಎಡಗೈಗಿಂತ ಕಪ್ಪಾಗಿರುತ್ತದೆ. ಪಕ್ಕದ ಕಿಟಕಿಯ ಗಾಜು ಯುವಿಬಿ ಎಂಬ ಬಗೆಯ ಕಿರಣವನ್ನು ತಡೆದರೂ, ಬಂಗು ಮತ್ತು ಸುಕ್ಕಿಗೆ ಕಾರಣವಾಗುವ ಯುವಿಎ ಎಂಬ ಬಗೆಯನ್ನು ಪೂರ್ತಿ ತಡೆಯದು. ಫುಟ್‌ಪಾತ್‌ನಲ್ಲಿ ಸಿಗುವ ಕೈಗವಸಿನ ತೋಳು ಇವರಿಗೆ ಸಾಕು.

3. ಟ್ಯೂಬ್ ತಿರುಗಿಸಿ ಓದಿ

ಮುಂದಿನ ಹೊಳಪು ಚಿತ್ರ ಬಿಡಿ, ಹಿಂಬದಿ ನೋಡಿ. ಎಸ್‌ಪಿಎಫ್ ಎಂಬುದು ಯುವಿಬಿಯ ಲೆಕ್ಕ ಮಾತ್ರ. 15 ಇದ್ದರೆ ಸುಮಾರು ಶೇ 93, 30 ಇದ್ದರೆ ಶೇ 97, 50 ಇದ್ದರೆ ಶೇ 98ರಷ್ಟು ತಡೆಯುತ್ತದೆ. 30ಕ್ಕೂ 50ಕ್ಕೂ ಅಂತರ ಇಷ್ಟೇ, ಬೆಲೆಯ ಅಂತರ ಅಷ್ಟಿಷ್ಟಲ್ಲ. ಯುವಿಎಗೆ ‘ಪಿಎ’ ಗುರುತಿನ ಮುಂದಿನ ಪ್ಲಸ್ ಚಿಹ್ನೆಗಳನ್ನು ಎಣಿಸಿ, ಮೂರು ಇರಲಿ. ಬಂಗು ಇರುವವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೇಳಿ ಪಡೆಯಿರಿ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯದು.

ಸುರಕ್ಷತೆಯ ಪ್ರಶ್ನೆಗೂ ಉತ್ತರವಿದೆ. ಆಕ್ಸಿಬೆನ್ಜೋನ್‌ನಂಥ ಕೆಲವು ರಾಸಾಯನಿಕಗಳು ಚರ್ಮದ ಮೂಲಕ ರಕ್ತ ಸೇರುತ್ತವೆ ಎಂಬುದು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಡೆಸಿದ ಅಧ್ಯಯನದಲ್ಲಿ ಕಂಡುಬಂತು. ರಕ್ತ ಸೇರಿದ ಮಾತ್ರಕ್ಕೆ ಹಾನಿ ಎಂದಲ್ಲ, ಬಳಕೆ ನಿಲ್ಲಿಸಬೇಡಿ ಎಂದೂ ಅದೇ ಸಂಸ್ಥೆ ಹೇಳಿತು. ಹವಾಯಿ ರಾಜ್ಯ ಹವಳದ ದಿಬ್ಬಗಳ ರಕ್ಷಣೆಗಾಗಿ 2021ರಿಂದ ಆಕ್ಸಿಬೆನ್ಜೋನ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟ ನಿಲ್ಲಿಸಿದೆ. ಅನುಮಾನ ಬೇಡ ಎನ್ನುವವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದೇ ನನ್ನ ಆಯ್ಕೆ. ಮುಖದ ಮೇಲೆ ಸ್ವಲ್ಪ ಬೂದು ಬಿಳುಪು ಉಳಿಯುತ್ತದೆ, ಉಳಿಯಲಿ. ಆರು ತಿಂಗಳೊಳಗಿನ ಕೂಸಿಗೆ ಯಾವುದೂ ಬೇಡ, ನೆರಳಿನಲ್ಲಿಡಿ.

4. ಹಚ್ಚುವ ಅಳತೆ

ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಮುಖ, ಕತ್ತಿಗೆ ಸಾಕಾಗುವ ಅಳತೆ. ಕಡಲೆಬೇಳೆಯಷ್ಟು ಹಚ್ಚಿದರೆ 50 ಎಂದು ಬರೆದದ್ದು 50 ಆಗಿ ಉಳಿಯುವುದಿಲ್ಲ. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಹೊಸ ಟ್ಯೂಬನ್ನು ಮೂರು ದಿನ ಮೊಣಕೈ ಒಳಬದಿಗೆ ಹಚ್ಚಿ ತುರಿಕೆ ಬರುವುದೇ ನೋಡಿ. ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಕಾವಿಗೆ ಕೆಡುತ್ತದೆ.

5. ಈ ಮೂರನ್ನು ದೂರವಿಡಿ

ಒಂದು, ಬೆಳ್ಳಗಾಗಲು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಕ್ರೀಮ್. ಬೀಟಾಮೆಥಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ಟ್ಯೂಬ್ ವಾಪಸ್ ಕೊಡಿ. ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು, ಬಿಸಿಲಿಗೆ ಉರಿಯತೊಡಗುತ್ತದೆ. ಸರ್ಕಾರ 2018ರಲ್ಲೇ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಸೇರಿಸಿದೆ. ಚೀಟಿಯಿಲ್ಲದೆ ಇವುಗಳ ಮಾರಾಟ ಇನ್ನೂ ನಿಂತಿಲ್ಲವೆಂಬುದು ಸಿಟ್ಟು ತರಿಸುವ ಸಂಗತಿ.

ಎರಡು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಇಲ್ಲದ ವಿದೇಶಿ ಡಬ್ಬಿಯ ಬಿಳುಪು ಕ್ರೀಮ್. ಇವುಗಳಲ್ಲಿ ಪಾದರಸ ಇರಬಹುದು, ಅದು ಮೂತ್ರಪಿಂಡಕ್ಕೆ ವಿಷ.

ಮೂರು, ಮನೆಮದ್ದು ಎಂದು ಮುಖಕ್ಕೆ ಉಜ್ಜುವ ನಿಂಬೆಹಣ್ಣು. ನಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಬಿಸಿಲು ತಾಗಿದರೆ ಚರ್ಮವನ್ನು ಸುಡುವ ಅಂಶವಿದೆ. ಗುಳ್ಳೆ ಎದ್ದು, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನಿಂಬೆ ಪಾನಕಕ್ಕಿರಲಿ.

6. ತಟ್ಟೆಯಲ್ಲಿ ಏನಿರಬೇಕು

ಆಹಾರಕ್ಕೂ ಬಿಸಿಲಿಗೂ ಇರುವ ನಂಟಿಗೆ ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲೇ ದೊಡ್ಡ ಸಾಕ್ಷಿ ಇದೆ. ಜೋಳವೊಂದನ್ನೇ ನೆಚ್ಚಿದ್ದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣುತ್ತಿತ್ತು. ಕತ್ತು, ಮುಂಗೈ, ಪಾದ ಹೀಗೆ ಬಿಸಿಲು ಬಿದ್ದ ಕಡೆಯಷ್ಟೇ ಚರ್ಮ ಕಪ್ಪಾಗಿ ಸುಲಿಯುತ್ತಿತ್ತು. ಹೈದರಾಬಾದಿನ ವಿಜ್ಞಾನಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ಇದನ್ನು ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಂಶಕ್ಕೆ ತಳಕು ಹಾಕಿದರು. ಮೂಲದಲ್ಲಿ ಇದು ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆ. ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಕಾಳು ಪಲ್ಯ, ಮೊಸರು ಇದ್ದರೆ ಭಯವಿಲ್ಲ. ಇಂದು ಈ ರೋಗ ಹೆಚ್ಚಾಗಿ ಊಟ ಬಿಟ್ಟು ಕುಡಿಯುವವರಲ್ಲಿ ಕಾಣುತ್ತದೆ. ಮನೆಯಲ್ಲಿ ಅಂಥವರಿದ್ದು ಕತ್ತಿನ ಸುತ್ತ ಹಾರದಂತೆ ಕಪ್ಪು ಪಟ್ಟಿ ಕಂಡರೆ ಅದನ್ನು ಬಿಸಿಲಿನ ಕಪ್ಪು ಎಂದು ತಳ್ಳಿಹಾಕಬೇಡಿ.

ಉಳಿದವರಿಗೆ ಟೊಮೆಟೊ. ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು ಎಣ್ಣೆಯೊಂದಿಗೆ ಹತ್ತು ವಾರ ತಿಂದವರ ಚರ್ಮ ಯುವಿಗೆ ಕೆಂಪಾಗುವುದು ಶೇ 40ರಷ್ಟು ಕಡಿಮೆಯಾಗಿದ್ದನ್ನು ಜರ್ಮನಿಯ ಸಂಶೋಧಕರು ಕಂಡರು. ಎಣ್ಣೆಯಲ್ಲಿ ಬಾಡಿಸಿದ ಟೊಮೆಟೊ ಗೊಜ್ಜು ಅದಕ್ಕೆ ಹತ್ತಿರ. ಜೊತೆಗೆ ಒಗ್ಗರಣೆ ಹಾಕಿದ ಕ್ಯಾರೆಟ್ ಕೋಸಂಬರಿ, ನುಗ್ಗೆಸೊಪ್ಪಿನ ಪಲ್ಯ, ಪರಂಗಿ ಹಣ್ಣು, ಸೀಬೆ, ನೆಲ್ಲಿಕಾಯಿ. ಹಲಸೂರು ಮಾರ್ಕೆಟ್ಟಿನಲ್ಲೋ ಕೆ.ಆರ್. ಪುರದ ಸಂತೆಯಲ್ಲೋ ಇವೆಲ್ಲ ಸಿಗುತ್ತವೆ. ಆದರೆ ಈ ರಕ್ಷಣೆ ನಿಧಾನದ್ದು, ಸಣ್ಣದು. ಗೊಜ್ಜು ತಿಂದು ಕೊಡೆ ಬಿಡುವಂತಿಲ್ಲ. ಬೀಟಾ ಕ್ಯಾರೊಟೀನ್ ಮಾತ್ರೆ ನುಂಗುವುದಂತೂ ಬೇಡ. ಸಿಗರೇಟು ಸೇದುವವರಲ್ಲಿ ಅದು ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸಿದ್ದು 1994ರ ಫಿನ್ಲೆಂಡ್ ಪ್ರಯೋಗದಲ್ಲಿ ಗೊತ್ತಾಗಿದೆ.

7. ಡಿ ಜೀವಸತ್ವಕ್ಕೆ ಸ್ವಲ್ಪ ಬಿಸಿಲು

ಎಳೆಬಿಸಿಲಿನಲ್ಲಿ ಡಿ ಜೀವಸತ್ವ ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದಕ್ಕೆ ಬೇಕಾದ ಯುವಿಬಿ ಬೆಳಗಿನ ಏಳಕ್ಕೆ ತೀರಾ ಕಡಿಮೆ. ಹಾಗಾಗಿ ನೆರಳಿನ ನಿಯಮಕ್ಕೆ ಇಷ್ಟು ವಿನಾಯಿತಿ ಕೊಡಿ: ವಾರಕ್ಕೆ ಮೂರ್ನಾಲ್ಕು ದಿನ, 11 ಗಂಟೆಯ ನಂತರ, ಮುಖ ಮುಚ್ಚಿಕೊಂಡು ತೋಳು, ಮೊಣಕಾಲ ಕೆಳಗಿನ ಭಾಗಕ್ಕಷ್ಟೇ ಇಪ್ಪತ್ತು ನಿಮಿಷ ಬಿಸಿಲು ಬೀಳಲಿ. ಮೊಟ್ಟೆಯ ಹಳದಿ, ಬೂತಾಯಿ, ಬಂಗುಡೆ ಮೀನು ನೆರವಾಗುತ್ತವೆ. 60,000 ಯೂನಿಟ್ಟಿನ ಪೊಟ್ಟಣವನ್ನು ರಕ್ತಪರೀಕ್ಷೆ ಇಲ್ಲದೆ ತಿಂಗಳುಗಟ್ಟಲೆ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು.

8. ವೈದ್ಯರ ಬಳಿಗೆ ಯಾವಾಗ

ಬಿಸಿಲಿಗೆ ಹೋದಾಗಲೆಲ್ಲ ಮುಖ, ರೆಪ್ಪೆ, ಕತ್ತು ತುರಿಸಿ ದಪ್ಪಗಾದರೆ ಅದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂನ ಅಲರ್ಜಿ ಇರಬಹುದು. ಕೆ.ಆರ್. ಪುರದ ಕಡೆ ಖಾಲಿ ಸೈಟುಗಳ ಪಕ್ಕದಲ್ಲಿ ವಾಸಿಸುವವರು ಇದನ್ನು ಮರೆಯಬಾರದು. ರಕ್ತದೊತ್ತಡಕ್ಕೆ ಕೊಡುವ ಹೈಡ್ರೊಕ್ಲೊರೊಥಯಜೈಡ್, ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಬಿಸಿಲು ತಾಳದಂತೆ ಮಾಡುತ್ತವೆ. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವಾಸಿಯಾಗದ ಹುಣ್ಣು, ಆಕಾರ ಬದಲಿಸುವ ಮಚ್ಚೆ ಕಂಡರೂ ತಡಮಾಡಬೇಡಿ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಮುಖಕ್ಕೆ ಹಚ್ಚುವ ಎಲ್ಲ ಟ್ಯೂಬ್, ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲೆ ಸುರಿಯಿರಿ.