ಹಳೆಯ ಡ್ರಮ್ಮಿನ ಒಡಲು ಯಾವ ಲೋಹದ್ದು?

ಬ್ಯಾಂಡ್ ಮೇಳದಲ್ಲಿ ಗರಗರ ಸದ್ದು ಹೊರಡಿಸುವ ಕಿರಿದಾದ ಡ್ರಮ್ಮನ್ನು ವಾಚಕರು ಕಂಡಿರಬಹುದು. ಇದಕ್ಕೆ ಸ್ನೇರ್ ಡ್ರಮ್ ಎಂದು ಹೆಸರು. ಕೆಳಗಣ ತೊಗಲಿಗೆ ತಾಗುವಂತೆ ಬಿಗಿದಿರುವ ತಂತಿಗಳು ಅದುರುವುದೇ ಆ ಸದ್ದಿಗೆ ಕಾರಣ. ಎರಡು ತೊಗಲುಗಳ ನಡುವಣ ಉರುಳೆಯಾಕಾರದ ಒಡಲನ್ನು ಮರದಿಂದಲೂ ಲೋಹದಿಂದಲೂ ಮಾಡುವುದುಂಟು. ಲೋಹದ ಒಡಲಿಗೆ ಅನೇಕ ವೇಳೆ ಕ್ರೋಮಿಯಂ ಇಲ್ಲವೆ ನಿಕ್ಕಲ್ ಲೇಪವಿರುತ್ತದೆ. ಆದ್ದರಿಂದ ಒಳಗೆ ಹಿತ್ತಾಳೆಯಿರಲಿ, ಉಕ್ಕಿರಲಿ, ಅಲ್ಯೂಮಿನಿಯಂ ಇರಲಿ, ಹೊರಗಿನ ಹೊಳಪು ಒಂದೇ.

ಒಳಗಿನ ಲೋಹವನ್ನು ಅರಿಯುವುದು ಬರಿಯ ಕುತೂಹಲದ ಮಾತಲ್ಲ. ೧೯೦೯ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಆರಂಭವಾದ ಲಡ್ವಿಗ್ ಕಂಪನಿಯ ಸುಪ್ರಾಫಾನಿಕ್ ಎಂಬ ಡ್ರಮ್ಮನ್ನೇ ನೋಡಿ. ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಅದರ ಒಡಲು ಹಿತ್ತಾಳೆಯದಾಗಿತ್ತು; ಬಳಿಕ ಅಲ್ಯೂಮಿನಿಯಂ ಮಿಶ್ರಲೋಹ ಬಂದಿತು. ಎರಡಕ್ಕೂ ಕ್ರೋಮಿಯಂ ಲೇಪವೇ. ವಿರಳವಾದ ಹಿತ್ತಾಳೆಯ ಡ್ರಮ್ಮಿಗೆ ಬೆಲೆ ಹೆಚ್ಚು. ಅರದಿಂದ ಉಜ್ಜಿ ನೋಡಿದರೆ ಉತ್ತರವೇನೋ ದೊರೆಯುತ್ತದೆ. ಆದರೆ ವಾದ್ಯ ಕೆಡುತ್ತದೆ. ಗಾಯ ಮಾಡದೆ ತಿಳಿಯುವ ಬಗೆ ಹೇಗೆ?

೧. ಅಯಸ್ಕಾಂತ. ಇದನ್ನು ಒಡಲಿಗೆ ಮಾತ್ರ ಮುಟ್ಟಿಸಬೇಕು. ಬಳೆ, ತಿರುಪು, ತಂತಿಗಳು ಉಕ್ಕಿನವಾಗಿರಬಹುದು. ಬಲವಾಗಿ ಅಂಟಿಕೊಂಡರೆ ಒಡಲು ಉಕ್ಕಿನದು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂಗಳಿಗೆ ಅಂಟುವುದಿಲ್ಲ. ಆದರೆ ನಿಕ್ಕಲ್ ಕೂಡ ಅಯಸ್ಕಾಂತಕ್ಕೆ ಒಲಿಯುವ ಲೋಹ. ಕ್ರೋಮಿಯಂ ಲೇಪದ ಅಡಿಯಲ್ಲಿಯೂ ಅದರ ಪದರವಿರುವುದು ವಾಡಿಕೆ. ಪ್ರಬಲವಾದ ಅಯಸ್ಕಾಂತ ನಸುವಾಗಿ ಎಳೆದುಕೊಂಡ ಮಾತ್ರಕ್ಕೆ ಉಕ್ಕೆಂದು ತೀರ್ಮಾನಿಸಲಾಗದು.

೨. ತೂಕ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ ೨.೭ ಗ್ರಾಂ, ಉಕ್ಕು ಸುಮಾರು ೭.೮ ಗ್ರಾಂ, ಹಿತ್ತಾಳೆ ಸುಮಾರು ೮.೫ ಗ್ರಾಂ ತೂಗುತ್ತವೆ. ೧೪ ಅಂಗುಲ ವ್ಯಾಸ, ೫ ಅಂಗುಲ ಎತ್ತರ, ೧ ಮಿಲಿಮೀಟರ್ ದಪ್ಪದ ಒಡಲಿನಲ್ಲಿ ಸುಮಾರು ೧೪೦ ಘನ ಸೆಂಟಿಮೀಟರ್ ಲೋಹವಿರುತ್ತದೆ. ಅದು ಅಲ್ಯೂಮಿನಿಯಂ ಆದರೆ ೩೮೦ ಗ್ರಾಂ, ಉಕ್ಕಾದರೆ ೧,೧೦೦ ಗ್ರಾಂ, ಹಿತ್ತಾಳೆಯಾದರೆ ೧,೨೦೦ ಗ್ರಾಂ ಆಸುಪಾಸಿನಲ್ಲಿರುತ್ತದೆ. ಅಲ್ಯೂಮಿನಿಯಂ ತೂಕದಿಂದಲೇ ಬೇರೆಯಾಗಿ ನಿಲ್ಲುತ್ತದೆ. ಉಕ್ಕು, ಹಿತ್ತಾಳೆಗಳನ್ನು ಅಯಸ್ಕಾಂತ ಬೇರ್ಪಡಿಸುತ್ತದೆ. ಹೀಗೆ ಒಂದು ಪರೀಕ್ಷೆಯ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ದಪ್ಪವನ್ನು ಅಳೆಯಲಾಗದಿದ್ದರೆ ಆರ್ಕಿಮಿಡೀಸನ ತತ್ತ್ವ ನೆರವಿಗೆ ಬರುತ್ತದೆ. ಬಿಡಿಭಾಗಗಳನ್ನೆಲ್ಲ ಕಳಚಿ, ಒಡಲನ್ನು ದಾರದಿಂದ ತೂಗುಹಾಕಿ, ಮೊದಲು ಗಾಳಿಯಲ್ಲಿ, ಅನಂತರ ನೀರಿನಲ್ಲಿ ಪೂರ್ಣವಾಗಿ ಮುಳುಗಿಸಿ ತೂಗಬೇಕು. ಅಲ್ಯೂಮಿನಿಯಂ ತನ್ನ ತೂಕದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚನ್ನು ಕಳೆದುಕೊಂಡಂತೆ ತೋರುತ್ತದೆ. ಹಿತ್ತಾಳೆ ಎಂಟನೆಯ ಒಂದು ಪಾಲಿಗಿಂತಲೂ ಕಡಿಮೆ. ಪ್ರಯೋಗ ಮುಗಿದೊಡನೆ ಒಡಲನ್ನು ಚೆನ್ನಾಗಿ ಒರೆಸಿ ಒಣಗಿಸಬೇಕೆಂಬುದನ್ನು ಮರೆಯಬಾರದು.

೩. ಸವೆತ ಮತ್ತು ಕಲೆ. ಗಾಳಿ ಹೋಗಲು ಕೊರೆದಿರುವ ತೂತಿನ ಅಂಚನ್ನೂ, ತೊಗಲಿನ ಅಡಿಯಲ್ಲಿ ಮರೆಯಾಗಿರುವ ಒಡಲಿನ ಅಂಚನ್ನೂ ಭೂತಗನ್ನಡಿಯಿಂದ ನೋಡಿರಿ. ಅಲ್ಲಿ ಲೇಪ ಸವೆದಿದ್ದರೆ ಹಿತ್ತಾಳೆಯ ಹಳದಿ, ತಾಮ್ರದ ಕೆಂಪು, ಅಲ್ಯೂಮಿನಿಯಮ್ಮಿನ ಬೂದುಬಿಳುಪು ಇಣುಕುತ್ತದೆ. ಆದರೆ ಲೇಪದ ಅಡಿಯಲ್ಲಿ ತಾಮ್ರದ ತೆಳು ಪದರವೂ ಇರಬಹುದಾದ್ದರಿಂದ ಕೆಂಪು ಬಣ್ಣವೊಂದನ್ನೇ ನಂಬಬಾರದು. ಕಲೆಗಳೂ ಸಾಕ್ಷಿ ನುಡಿಯುತ್ತವೆ. ಹಸಿರು ಕಿಲುಬು ಹಿತ್ತಾಳೆ ತಾಮ್ರಗಳದು, ಕೆಂಗಂದು ತುಕ್ಕು ಉಕ್ಕಿನದು. ಅಲ್ಯೂಮಿನಿಯಂ ಗಾಳಿ ಸೋಂಕಿದೊಡನೆ ಆಕ್ಸೈಡಿನ ಪೊರೆ ಹೊದೆಯುವುದರಿಂದ ಅದರ ಮೇಲೆ ಲೇಪ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಆದುದರಿಂದಲೇ ಹಳೆಯ ಅಲ್ಯೂಮಿನಿಯಂ ಡ್ರಮ್ಮುಗಳಲ್ಲಿ ಲೇಪ ಗುಳ್ಳೆಯೆದ್ದು, ಬಿಳಿಯ ಪುಡಿ ಕಾಣುತ್ತದೆ.

ಲೋಹವನ್ನು ಅರಿತ ಮೇಲೆಯೇ ಶುಚಿಗೊಳಿಸಲು ಹೊರಡುವುದು ಲೇಸು. ವಾಷಿಂಗ್ ಸೋಡದ ದ್ರಾವಣ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಉಕ್ಕಿಗೆ ತೇವವೇ ಶತ್ರು. ಅಯಸ್ಕಾಂತ, ತಕ್ಕಡಿ, ಭೂತಗನ್ನಡಿ ಈ ಮೂರೂ ಒಂದೇ ಮಾತನ್ನು ಹೇಳಿದಾಗ ಮಾತ್ರ ತೀರ್ಪನ್ನು ನೆಚ್ಚಬಹುದು.