ಹಳೇ ನುಡಿ ಫೈಲು, ಹೊಸ ವಿಂಡೋಸ್

ಪ್ರಶ್ನೆ: ಗಂಗಾವತಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕನಕಗಿರಿ ಜಾತ್ರೆಯ ಕರಪತ್ರ, ಹಳ್ಳಿಯವರ ದೊಡ್ಡಾಟದ ಪ್ರತಿ, ಎಲ್ಲವೂ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿವೆ. ವಿಂಡೋಸ್ 7 ಇರುವ ಕಂಪ್ಯೂಟರ್ ಪದೇ ಪದೇ ನಿಲ್ಲುತ್ತಿದೆ. ವಿಂಡೋಸ್ 11 ತಗೋ, ಹಳೇದನ್ನು ಮಾರಿಬಿಡು ಅಂತಾನೆ ಮಗ. ಗೆಳೆಯನ ಹೊಸ ಕಂಪ್ಯೂಟರಿನಲ್ಲಿ ನನ್ನ ಫೈಲು ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳು. ಇಷ್ಟು ವರ್ಷದ ಕೆಲಸ ಹೋದಂಗೇನ್ರೀ?

ಉತ್ತರ: ಹೋಗಿಲ್ಲ ಅಣ್ಣಾ, ಧೈರ್ಯವಾಗಿರಿ. ಆದರೆ ಹಳೇ ಕಂಪ್ಯೂಟರನ್ನು ಈಗಲೇ ಮಾರಬೇಡಿ.

ಹಳೇ ನುಡಿ ಫಾಂಟಿನ ಅಕ್ಷರಗಳು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರಗಳು. ನೀವು ‘ಕನ್ನಡ’ ಎಂದು ಟೈಪಿಸಿದರೆ ಫೈಲಿನೊಳಗೆ ಕೂತಿರುವುದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆಗೆರೆಯಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಹೀಗೇ ಮುಂದಕ್ಕೆ. ಗೆಳೆಯನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ವೇಷ ಕಳಚಿತು, ಅಷ್ಟೇ. ನಿಮ್ಮ ನುಡಿ ಫಾಂಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿದರೆ ಕನ್ನಡ ಮತ್ತೆ ಕಾಣುತ್ತದೆ.

ಕಷ್ಟ ಇರುವುದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಕನ್ನಡದ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯುನಿಕೋಡ್ ಸಂಕೇತ ಅದಕ್ಕೆ ಗೊತ್ತಿಲ್ಲ, ವಿಂಡೋಸ್ 11ರಲ್ಲಿ ನೆಟ್ಟಗೆ ನಡೆಯುತ್ತದೆಂಬ ಭರವಸೆಯೂ ಇಲ್ಲ. ಈಗಿನ ಇನ್‌ಡಿಸೈನ್ ಪೇಜ್‌ಮೇಕರ್ ಫೈಲು ತೆರೆಯುವುದಿಲ್ಲ. ಹಾಗಾಗಿ ಹಳೇ ಯಂತ್ರ ಓಡುತ್ತಿರುವಾಗಲೇ ಒಂದೊಂದು ಫೈಲು ತೆರೆದು, ಪಠ್ಯ ಹೊರತೆಗೆದು, ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ನುಡಿ ತಂತ್ರಾಂಶದಲ್ಲೇ ಸಿಗುತ್ತದೆ. ಮುಂದಿನ ಪುಟವಿನ್ಯಾಸಕ್ಕೆ ಇನ್‌ಡಿಸೈನ್ ದುಬಾರಿಯೆನಿಸಿದರೆ ಉಚಿತವಾದ ಸ್ಕ್ರೈಬಸ್ ಕಲಿಯಿರಿ.

ಮಗ ಹೇಳುವುದರಲ್ಲೂ ಸತ್ಯವಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ಗ್ರಾಹಕರ ಪೆನ್‌ಡ್ರೈವ್ ದಿನವಿಡೀ ಚುಚ್ಚುವ ಅಂಗಡಿಗೆ ಅದು ಅಪಾಯವೇ. ಹೊಸದನ್ನು ಕೊಳ್ಳಿ, ಹಳೆಯದರ ಇಂಟರ್ನೆಟ್ ತೆಗೆದು ಮೂಲೆಯಲ್ಲಿಡಿ. ಕೊಳ್ಳುವ ಮುನ್ನ ನಿಮ್ಮ ಪ್ರಿಂಟರಿಗೆ ವಿಂಡೋಸ್ 11ರ ಡ್ರೈವರ್ ಇದೆಯೇ ಎಂದು ಕೇಳಿ. ಹಳೇ 32 ಬಿಟ್ ಡ್ರೈವರ್ ಅಲ್ಲಿ ನಡೆಯದು.

ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ. ವರನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಬಿ.ಇ.’ ಎಂದಿದ್ದರೆ ಅದನ್ನೂ ಕನ್ನಡವೆಂದು ತಿಳಿದು ಏನೇನೋ ಮಾಡಿಬಿಡುತ್ತದೆ. ಒತ್ತಕ್ಷರ, ಅರ್ಕಾವತ್ತುಗಳನ್ನೂ ನೋಡಬೇಕು.

ಎಲ್ಲವನ್ನೂ ಬದಲಿಸುತ್ತ ಕೂರಬೇಡಿ. ಮುಗಿದ ಮದುವೆಗಳ ಪತ್ರಿಕೆಗೆ ಪಿಡಿಎಫ್ ಸಾಕು. ಮೊದಲು ದೊಡ್ಡಾಟದ ಪ್ರತಿಗಳನ್ನು ಕೈಗೆತ್ತಿಕೊಳ್ಳಿ. ಕೈಬರಹದ ಮೂಲ ಹರಿದುಹೋಗಿದ್ದರೆ ನಿಮ್ಮ ಫೈಲೊಂದೇ ಉಳಿದಿರಬಹುದು. ಬದಲಿಸಿದ ಪ್ರತಿಯನ್ನು ಆಟ ಕಲಿಸುವ ಮಾಸ್ತರರ ಎದುರು ಜೋರಾಗಿ ಓದಿ. ಪದ ಬಾಯಿಪಾಠ ಇರುವ ಅವರು ತಪ್ಪನ್ನು ನಿಮಗಿಂತ ಮೊದಲೇ ಹಿಡಿಯುತ್ತಾರೆ.